ಮರದೊಳಗಿನ ಅಜ್ಜಿ

ಡಿಸ್ನಿ ಸಂಸ್ಥೆಯ 1995ರ ಅನಿಮೇಷನ್ ಚಿತ್ರ ‘ಪೊಕಾಹೊಂಟಾಸ್’ನಲ್ಲಿ ಅಮೆರಿಕದ ಮೂಲನಿವಾಸಿ ಬಾಲೆಗೆ ಮುದಿಮರವೊಂದು ಅಜ್ಜಿಯಂತೆ ಬುದ್ಧಿ ಹೇಳುತ್ತದೆ. ‘ಮರಕ್ಕೂ ಆತ್ಮವಿದೆಯೇ?’ ಎಂದು ಮಕ್ಕಳು ಕೇಳಿದರೆ ಗದರಿಸುವುದು ಬೇಡ. ಸಂತ ಥಾಮಸ್ ಅಕ್ವಿನಾಸರೂ ಸಸ್ಯಗಳಿಗೆ ಒಂದು ಬಗೆಯ ಆತ್ಮವುಂಟೆಂದು ಒಪ್ಪಿದ್ದಾರೆ. ಅದು ಬೆಳೆಯುವ ಜೀವಶಕ್ತಿ, ಮಾನವನ ಆತ್ಮದಂತೆ ಅಮರವಲ್ಲ. ಮರ ದೇವರಲ್ಲ, ದೇವರ ಸೃಷ್ಟಿ.

ಆದರೆ ಮಲೆನಾಡಿನ ಹಿರಿಯರು ‘ದೇವರಕಾಡು’ ಎಂದು ನಂಬಿದೆಡೆ ಕೊಡಲಿ ಎತ್ತಲಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಹೊತ್ತಿದ ಕಬ್ಬಿಣದ ಕುಲುಮೆಗೆ ಇದ್ದಿಲಾದವು ಇದೇ ಮಲೆನಾಡಿನ ಮರಗಳು. ಆ ಕಾರ್ಖಾನೆಯ ಅನ್ನವನ್ನು ನಮ್ಮ ಕುಟುಂಬಗಳೂ ಉಂಡಿವೆ. ಸೃಷ್ಟಿಯನ್ನು ಪೂಜಿಸಿದವರೇ ಅದನ್ನು ಉಳಿಸಿದರೆ, ಸೃಷ್ಟಿಕರ್ತನನ್ನು ಆರಾಧಿಸುವ ನಮ್ಮ ಹೊಣೆ ಇನ್ನೂ ಹಿರಿದಲ್ಲವೇ?

ಚಿತ್ರ ಮುಗಿದ ಮೇಲೆ ಮಕ್ಕಳನ್ನು ಶಿವಮೊಗ್ಗದ ತುಂಗಾತೀರಕ್ಕೋ ಭದ್ರಾವತಿಯ ಭದ್ರಾತೀರಕ್ಕೋ ಕರೆದೊಯ್ದು ಒಂದು ಸಸಿ ನೆಡೋಣ. ಅದಕ್ಕೆ ನೀರೆರೆಯುವುದೂ ಪ್ರಾರ್ಥನೆಯೇ.