ಎರಡು ವರ್ಷದ ಗಡುವು, ಮೂರು ವರ್ಷದ ಕೇಸ್ ಶೀಟು

2024ರ ಅಕ್ಟೋಬರ್‌ನಲ್ಲಿ ಸಿಂಧನೂರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರು. ನವೆಂಬರ್‌ನಲ್ಲಿ ಬಳ್ಳಾರಿಯಲ್ಲೂ ಅದೇ ಆಯಿತು. ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿತ್ತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಬೆಳಗಾವಿ ಅಧಿವೇಶನದಲ್ಲಿ ಗದ್ದಲವಾಯಿತು. ಆಮೇಲೆ ಸುದ್ದಿ ತಣ್ಣಗಾಯಿತು. ಕಾಲಮಿತಿ ಮಾತ್ರ ನಿಲ್ಲಲಿಲ್ಲ. ಇನ್ನೊಬ್ಬರ ತಪ್ಪಿನಿಂದ ಸತ್ತವರ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಪರಿಹಾರ ಕೇಳಲು 1855ರಷ್ಟು ಹಳೆಯ ಮಾರಕ ಅಪಘಾತಗಳ ಕಾಯ್ದೆ ಇದೆ. ಅದರಡಿ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಡುವುದು ಸಾವಿನ ದಿನದಿಂದ ಎರಡೇ ವರ್ಷ. ಆ ಅಕ್ಟೋಬರ್‌ನ ಸಾವುಗಳಿಗೆ 2026ರ ಅಕ್ಟೋಬರ್, ನವೆಂಬರ್‌ನ ಸಾವುಗಳಿಗೆ 2026ರ ನವೆಂಬರ್.

ಸುದ್ದಿಯಾದ ಸಾವುಗಳ ಕಥೆ ಇದು. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ರಾಯಚೂರಿನ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿ, ಕೈಯೋ ಕಾಲೋ ಗರ್ಭಕೋಶವೋ ಕಳೆದುಕೊಂಡು ಬಂದವರದ್ದು ಯಾವ ಅಧಿವೇಶನದಲ್ಲೂ ಚರ್ಚೆಯಾಗುವುದಿಲ್ಲ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಅಲ್ಲಿಯೂ 69ನೇ ಕಲಮಿನ ಪ್ರಕಾರ ಎರಡೇ ವರ್ಷ. ತಡವಾದರೆ ತಕ್ಕ ಕಾರಣ ತೋರಿಸಬೇಕು. ಇನ್ನು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುವುದು: ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷದ ನಂತರ ಕೇಸ್ ಶೀಟು ರದ್ದಿಗೆ ಹೋದರೆ ಆಸ್ಪತ್ರೆಯನ್ನು ಹಿಡಿದು ಕೇಳುವುದು ಕಷ್ಟ.

ನನ್ನ ಆತಂಕ ಇರುವುದು ಈ ಎರಡು ಮತ್ತು ಮೂರರ ನಡುವೆ. ವೈದ್ಯರ ತಪ್ಪಿನ ಕೇಸು ವಕೀಲರ ತಪ್ಪಿನಿಂದ ಸತ್ತರೆ, ಅದು ಸತ್ತಿದೆ ಎಂದು ಕಕ್ಷಿದಾರನಿಗೆ ಗೊತ್ತಾಗುವುದು ಸಾಮಾನ್ಯವಾಗಿ ಈ ಎರಡೂ ಅವಧಿ ಮುಗಿದ ಮೇಲೆ.

ವಕಾಲತ್ತು ಹಾಳೆಯನ್ನೊಮ್ಮೆ ಹತ್ತಿರದಿಂದ ನೋಡಿ. ಮೇಲೆ ನ್ಯಾಯಾಲಯದ ಹೆಸರಿಗೊಂದು ಗೆರೆ, ದಾವೆಯ ನಂಬರಿಗೊಂದು, ಎದುರುದಾರರ ಹೆಸರಿಗೊಂದು. ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಎಷ್ಟೋ ಸಲ ಮೂರೂ ಖಾಲಿ. ನಡುವೆ ಒತ್ತೊತ್ತಾಗಿ ಅಚ್ಚಾದ ಸಾಲುಗಳು: ರಾಜಿ ಮಾಡಿಕೊಳ್ಳುವ, ಹಣ ಪಡೆಯುವ, ದಾವೆ ಹಿಂತೆಗೆಯುವ ಅಧಿಕಾರಗಳೆಲ್ಲ ಅಲ್ಲೇ ಇವೆ. ಕೆಳಗೆ ನೀಲಿ ಮಸಿಯ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವರು ಮರುದಿನ ಗುಳೆ ಹೋಗುತ್ತಾರೆ, ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸಕ್ಕೆ. ಹಬ್ಬಕ್ಕೆ ಬಂದಾಗ ಕೇಳುತ್ತಾರೆ: 'ಪೇಶಿ ಯಾವಾಗ ಐತ್ರೀ?' 'ಮುಂದಿನ ತಿಂಗಳು ಐತಿ, ನೀ ಬರೂದು ಬ್ಯಾಡ.' 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ ದೇವದುರ್ಗದಂಥ ಕಡೆ ಈ ಉತ್ತರವನ್ನು ಮರುಪ್ರಶ್ನಿಸುವವರು ಕಡಿಮೆ.

ಕೇಸು ಕೆಡುವ ದಾರಿಗಳು ಹಲವು. ಎಲ್ಲದರಲ್ಲೂ ಮೋಸ ಇರಬೇಕೆಂದಿಲ್ಲ. ಉಚಿತ ಚಿಕಿತ್ಸೆಯ ಸರ್ಕಾರಿ ಆಸ್ಪತ್ರೆಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗುವುದು ಮೊದಲನೆಯದು. ವೈದ್ಯರನ್ನು ಗ್ರಾಹಕ ಕಾಯ್ದೆಯೊಳಗೆ ತಂದ 1995ರ ವಿ.ಪಿ. ಶಾಂತಾ ತೀರ್ಪೇ, ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಆಸ್ಪತ್ರೆಗಳನ್ನು ಹೊರಗಿಟ್ಟಿದೆ. ಅಂಥವರು ಹೋಗಬೇಕಾದ್ದು ಸಿವಿಲ್ ಕೋರ್ಟಿಗೆ, ಇಲ್ಲವೇ ರಿಟ್ ಹಿಡಿದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡಬೇಕಾದರೆ ಸಾಮಾನ್ಯವಾಗಿ ಎರಡು ತಿಂಗಳ ಮೊದಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಟ್ಟಿರಬೇಕು. ಎರಡನೆಯ ದಾರಿ, ಪೊಲೀಸ್ ಕೇಸು ಮುಗಿಯಲಿ ಎಂದು ಕಾಯುವುದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ವೈದ್ಯರ ಮೇಲೆ ಎಫ್‌ಐಆರ್ ಆದ ಮಾತ್ರಕ್ಕೆ ಪರಿಹಾರದ ಗಡುವು ನಿಲ್ಲುವುದಿಲ್ಲ. ಇದನ್ನು ತಿಳಿಯದ ಕಕ್ಷಿದಾರರನ್ನು ಕ್ಷಮಿಸಬಹುದು, ವಕೀಲರನ್ನು ಹೇಗೆ?

ಮೂರನೆಯದು ಎಲ್ಲಕ್ಕಿಂತ ಸದ್ದಿಲ್ಲದ್ದು: ಪೇಶಿಗೆ ಹೋಗದಿರುವುದು. ಸಿವಿಲ್ ಕೋರ್ಟಿನಲ್ಲಿ ಗೈರುಹಾಜರಿಯಿಂದ ದಾವೆ ವಜಾ ಆದರೆ, 30 ದಿನದೊಳಗೆ ಅದೇ ಕೋರ್ಟಿಗೆ ಅರ್ಜಿ ಕೊಟ್ಟು ಜೀವ ತುಂಬಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಹಾಗಿಲ್ಲ. ತಾನು ವಜಾ ಮಾಡಿದ್ದನ್ನು ತಾನೇ ಎತ್ತಿ ಕೂರಿಸುವ ಅಧಿಕಾರ ಅದಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ರಾಜೀವ್ ಹಿತೇಂದ್ರ ಪಾಠಕ್ ಪ್ರಕರಣದಲ್ಲಿ ಹೇಳಿದೆ. 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕು. ಗುಳೆ ಹೋದವನಿಗೆ 45 ದಿನ ಎಂದರೆ ಒಂದು ಕಟ್ಟಡದ ಒಂದು ಮಹಡಿ, ಅಷ್ಟೆ.

ಹೀಗೆ ಕೇಸು ಕಳೆದುಕೊಂಡವನು ವಕೀಲರ ಮೇಲೆ ಎಲ್ಲಿಗೆ ಹೋಗಬೇಕು? 2007ರಿಂದ ಗ್ರಾಹಕ ಆಯೋಗಗಳ ಬಾಗಿಲು ಅರೆತೆರೆದಂತಿತ್ತು. ವಕೀಲರ ಸೇವೆಯ ಕೊರತೆಯನ್ನೂ ಕೇಳಬಹುದೆಂದು ರಾಷ್ಟ್ರೀಯ ಆಯೋಗ ಆ ವರ್ಷ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಅದನ್ನು ತಳ್ಳಿಹಾಕಿತು. ವಕೀಲಿಕೆ ಗ್ರಾಹಕ ಕಾಯ್ದೆಯ ಹೊರಗೆ. ಕಕ್ಷಿದಾರನಿಗೂ ವಕೀಲರಿಗೂ ಇರುವುದು ವೈಯಕ್ತಿಕ ಸೇವೆಯ ಕರಾರು. ವೈದ್ಯರು ಇಂದಿಗೂ ಆ ಕಾಯ್ದೆಯ ಒಳಗೇ ಇದ್ದಾರೆ. ಹೊಲಿಗೆ ತಪ್ಪಿದ ಡಾಕ್ಟರನ್ನು ಜಿಲ್ಲಾ ಆಯೋಗಕ್ಕೆ ಎಳೆಯಬಹುದು, ಆ ಡಾಕ್ಟರ ಮೇಲಿನ ಕೇಸನ್ನೇ ಕೆಡಿಸಿದ ವಕೀಲರನ್ನು ಎಳೆಯಲಾಗದು. ತೀರ್ಪಿನ ತರ್ಕಕ್ಕೆ ಬಲವಿರಬಹುದು, ಮಾನ್ವಿಯ ಕಕ್ಷಿದಾರನಿಗೆ ಅದನ್ನು ವಿವರಿಸಲು ನನಗೆ ಬಾಯಿ ಬರುವುದಿಲ್ಲ.

ಉಳಿದದ್ದು ಎರಡು. ಒಂದು ಸಿವಿಲ್ ದಾವೆ. ನಿರ್ಲಕ್ಷ್ಯ ಮಾಡಿದ ವಕೀಲರು ವಕೀಲರೆಂಬ ಕಾರಣಕ್ಕೆ ಹೊಣೆಯಿಂದ ಪಾರಾಗುವಂತಿಲ್ಲ ಎಂದು 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಇದು ಎಷ್ಟು ಬಡಿದಾಡಿಸುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣವಿದೆ: 1988ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಎಂ. ವೀರಪ್ಪ ವಿರುದ್ಧ ಎವೆಲಿನ್ ಸಿಕ್ವೇರಾ. ಕಕ್ಷಿದಾರರೊಬ್ಬರು ತಮ್ಮ ವಕೀಲರ ಮೇಲೆ ವೃತ್ತಿ ನಿರ್ಲಕ್ಷ್ಯಕ್ಕಾಗಿ 20,000 ರೂಪಾಯಿ ಕೇಳಿದ್ದರು. ದಾವೆ ನಡೆಯುತ್ತಿರುವಾಗಲೇ ತೀರಿಕೊಂಡರು. ದೆಹಲಿವರೆಗೆ ಹೋದದ್ದು ವಕೀಲರು ತಪ್ಪು ಮಾಡಿದರೇ ಎಂಬ ಪ್ರಶ್ನೆಯಲ್ಲ, ಸತ್ತವರ ವಾರಸುದಾರರು ದಾವೆ ಮುಂದುವರಿಸಬಹುದೇ ಎಂಬುದು. ನಷ್ಟ ಕರಾರು ಮುರಿದದ್ದರಿಂದ ಆಗಿದ್ದರೆ ಮುಂದುವರಿಸಬಹುದು, ಬರೀ ವೈಯಕ್ತಿಕ ಅಪಕೃತ್ಯವಾದರೆ ಇಲ್ಲ, ಅದನ್ನು ಸಾಕ್ಷ್ಯ ನೋಡಿ ನಿರ್ಧರಿಸಿ ಎಂದು ಕೋರ್ಟು ಕೆಳಕ್ಕೆ ಕಳಿಸಿತು. ನಮ್ಮ ವಿಷಯಕ್ಕೆ ಬಂದರೆ ಇನ್ನೂ ಒಂದು ತೊಡಕು. ವಕೀಲರಿಂದ ನಷ್ಟವಾಯಿತೆಂದು ತೋರಿಸಲು, ಆಸ್ಪತ್ರೆಯ ಮೇಲಿನ ಕೇಸು ಸರಿಯಾಗಿ ನಡೆದಿದ್ದರೆ ಗೆಲ್ಲುತ್ತಿತ್ತು ಎಂದು ತೋರಿಸಬೇಕು. ಅದಕ್ಕೆ ಬೇಕಾದದ್ದು ಅದೇ ಕೇಸ್ ಶೀಟು. ದೂರು ದಾಖಲಾಗಿಯೇ ಇರದಿದ್ದರೆ ಆಸ್ಪತ್ರೆಗೆ ಅದನ್ನು ಮೂರು ವರ್ಷದಾಚೆ ಇಟ್ಟುಕೊಳ್ಳುವ ಕಾರಣವೇ ಇರುವುದಿಲ್ಲ.

ಇನ್ನೊಂದು, ವಕೀಲರ ಪರಿಷತ್ತಿನ ಶಿಸ್ತು ಕ್ರಮ. ಪರಿಷತ್ತು ಇರುವುದು ಬೆಂಗಳೂರಿನಲ್ಲಿ. 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಮೂವರ ಸಮಿತಿ ವಿಚಾರಣೆ ನಡೆಸಿ ಛೀಮಾರಿ ಹಾಕಬಹುದು, ಸನ್ನದು ಅಮಾನತಿನಲ್ಲಿಡಬಹುದು, ಪಟ್ಟಿಯಿಂದಲೇ ತೆಗೆಯಬಹುದು. ಸತ್ತ ಕೇಸನ್ನು ಬದುಕಿಸುವುದು, ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. ಬರೀ ನಿರ್ಲಕ್ಷ್ಯವೂ ಸಾಲದು. ನೈತಿಕ ದೋಷ ಕೂಡಿರಬೇಕು ಎಂಬುದು ಸುಪ್ರೀಂ ಕೋರ್ಟು 1963ರಿಂದ ಹೇಳಿಕೊಂಡು ಬಂದ ಮಾತು. ಆ ದೋಷ ಹೇಗಿರುತ್ತದೆ ಎಂದು ನೋಡಬೇಕಿದ್ದರೆ 1979ರ ರಂಗದೊರೈ ಪ್ರಕರಣ. ಮದ್ರಾಸಿನ ಕಿವುಡ ಮುದುಕರೊಬ್ಬರು ಮತ್ತು ಅವರ ಹೆಂಡತಿ 15,000 ಹಾಗೂ 5,000 ರೂಪಾಯಿಯ ಪ್ರಾಮಿಸರಿ ನೋಟುಗಳ ವಸೂಲಿಗೆ ವಕೀಲರನ್ನು ಹಿಡಿದು ಕೋರ್ಟು ಫೀಜು ಕೊಟ್ಟರು. ದಾವೆ ಹೂಡಲೇ ಇಲ್ಲ. ಹೂಡಿದ್ದೇನೆ ಎಂದು ವಕೀಲರು ಸುಳ್ಳು ವಿವರ ಹೇಳುತ್ತ ಹೋದರು, ಅಷ್ಟರಲ್ಲಿ ಕಾಲಮಿತಿ ಮುಗಿಯಿತು. ನ್ಯಾ. ಕೃಷ್ಣ ಅಯ್ಯರ್ ಅವರು ಅಮಾನತಿನ ಜೊತೆಗೆ ಬಡವರಿಗೆ ಕಾನೂನು ನೆರವು ಕೊಡುವ ಕೆಲಸವನ್ನೂ ಆ ವಕೀಲರಿಗೆ ಹಚ್ಚಿದರು. ಶಿಕ್ಷೆ ಜಾಣತನದ್ದು. ಮುದುಕರ ನೋಟುಗಳು ಮಾತ್ರ ಕಾಲ ಮೀರಿದವೇ.

ಶಿಸ್ತು ದೂರಿಗೂ ಗಡುವಿದೆ. 36-ಬಿ ಕಲಂ ಪ್ರಕಾರ ರಾಜ್ಯ ಪರಿಷತ್ತು ಒಂದು ವರ್ಷದಲ್ಲಿ ಮುಗಿಸದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಹೀಗೆ ವರ್ಗವಾಗುವುದೇ ರೂಢಿಯಾಗಿದೆ ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬೇಸರಪಟ್ಟದ್ದು ಕರ್ನಾಟಕದಿಂದ ಹೋದ ಆಂಜಿನಪ್ಪ ಪ್ರಕರಣದಲ್ಲೇ. ಸಾವಿರಕ್ಕೂ ಹೆಚ್ಚು ದೂರುಗಳು ಆ ದಾರಿ ಹಿಡಿದಿದ್ದವು. ರಾಜ್ಯ ಪರಿಷತ್ತುಗಳು ಒಂದು ವರ್ಷದಲ್ಲಿ, ವರ್ಗವಾಗಿ ಬಂದವನ್ನು ದೆಹಲಿಯೂ ಒಂದು ವರ್ಷದಲ್ಲಿ ಮುಗಿಸಬೇಕೆಂದು ಕೋರ್ಟು ತಾಕೀತು ಮಾಡಿತು. ಕೂಡಿಸಿ ನೋಡಿ: ತಾಕೀತು ಪಾಲನೆಯಾದರೂ ಎರಡು ವರ್ಷ. ಆ ಹೊತ್ತಿಗೆ ಕೇಸ್ ಶೀಟು ಎಲ್ಲಿರುತ್ತದೆ?

ಆದ್ದರಿಂದ ತಪ್ಪನ್ನು ಮೊದಲ ವರ್ಷದಲ್ಲೇ ಹಿಡಿಯಬೇಕು, ಅದು ಈಗ ಅಸಾಧ್ಯವೇನಲ್ಲ. ಕೋರ್ಟಿನಲ್ಲಿ ದಾಖಲಾದ ಪ್ರತಿ ದಾವೆಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಕೊನೆಯ ಪೇಶಿಯಲ್ಲಿ ಏನಾಯಿತು, ಮುಂದಿನದು ಯಾವಾಗ ಎಂಬುದು ಬರುತ್ತದೆ. ಗುಳೆ ಹೋದ ಹುಡುಗನ ಫೋನಿನಲ್ಲೂ ಬರುತ್ತದೆ. ನಂಬರ್ ಕೊಡದ ವಕೀಲರು ದಾವೆ ಹೂಡಿಲ್ಲ ಎಂದೇ ಮೊದಲು ತಿಳಿಯುವುದು ಒಳ್ಳೆಯದು. ಗ್ರಾಹಕ ದೂರುಗಳಿಗೆ ಇ-ಜಾಗೃತಿ ಪೋರ್ಟಲ್ ಇದೆ. ಆಸ್ಪತ್ರೆಗೆ ಕಟ್ಟಿದ್ದು ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರನ್ನು ಬದಲಿಸುವಾಗ 'ಬಾಕಿ ಫೀಜು ಕೊಡು, ಆಮೇಲೆ ಫೈಲು' ಎನ್ನುವ ಹಕ್ಕು ಅವರಿಗಿಲ್ಲ. 2000ನೇ ಇಸವಿಯ ಆರ್.ಡಿ. ಸಕ್ಸೇನಾ ತೀರ್ಪು ಅದನ್ನು ದುರ್ನಡತೆ ಎಂದೇ ಕರೆದಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿ ಪುಕ್ಕಟೆ ವಕೀಲರನ್ನು ಕೊಡಬೇಕು. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಕೇಸ್ ಶೀಟಿನ ಅರ್ಜಿಗೆ ವಕೀಲರೇ ಬೇಕಿಲ್ಲ. ಬಿಳಿ ಹಾಳೆಯಲ್ಲಿ ರೋಗಿಯ ಹೆಸರು, ದಾಖಲಾದ ತಾರೀಖು, ಒಳರೋಗಿ ನಂಬರ್ ಬರೆದು ಆಸ್ಪತ್ರೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದರೆ 72 ಗಂಟೆಯ ಲೆಕ್ಕ ಅಲ್ಲಿಂದ ಶುರು.