ಆಪರೇಷನ್‌ಗೆ ಮುಂಚಿನ ಆರು ತಿಂಗಳು

ಆಂಧ್ರದ ನಂದವರಂ, ಎಮ್ಮಿಗನೂರು ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದ ಗಂಡಸರು ರಾತ್ರಿ ಮೂರ್ನಾಲ್ಕು ಸಲ ಒಂದಕ್ಕೆ ಎದ್ದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಬಹಳಷ್ಟು ಸಲ ಅದು ನಿಜವೂ ಹೌದು. ಮೂತ್ರಕೋಶದ ಕೆಳಗಿರುವ ಪ್ರೋಸ್ಟೇಟ್ ಗ್ರಂಥಿ ವಯಸ್ಸಾದಂತೆ ದಪ್ಪಗಾಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಶುರುವಿನಲ್ಲಿ ಅಷ್ಟು ಸುಳಿವನ್ನೂ ಕೊಡದೆ ಇರಬಹುದು. ಅದು ಬೆನ್ನುಮೂಳೆಗೆ ಹರಡಿ ಸೊಂಟ ಹಿಡಿದ ಮೇಲೆ ಕರ್ನೂಲಿಗೋ ಬಳ್ಳಾರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಓಡಿದವರಿಗೆ ಗ್ರಂಥಿ ತೆಗೆಸುವ ಕಾಲ ಸಾಮಾನ್ಯವಾಗಿ ಮೀರಿರುತ್ತದೆ.

ಅದಕ್ಕೂ ಮೊದಲೇ ಪತ್ತೆಯಾದವರಲ್ಲೂ ಒಂದು ಗುಂಪಿಗೆ ಅಪಾಯ ಹೆಚ್ಚು. ಕ್ಯಾನ್ಸರ್ ಇನ್ನೂ ಗ್ರಂಥಿಯಲ್ಲೇ ಇರುತ್ತದೆ, ಆದರೆ ಉಗ್ರ ಸ್ವಭಾವದ್ದು. ಆಪರೇಷನ್ ಮಾಡಿದರೂ ಇವರಲ್ಲಿ ಅನೇಕರಿಗೆ ಅದು ಮರುಕಳಿಸುತ್ತದೆ. ಹಾಗಾದರೆ ಮೊದಲು ಔಷಧ ಕೊಟ್ಟು ಕುಗ್ಗಿಸಿ, ಆಮೇಲೆ ತೆಗೆದರೆ?

ಪ್ರೋಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟಿರಾನ್ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ. ವೃಷಣ ತೆಗೆದರೆ ಅದು ಸೊರಗುತ್ತದೆಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ತೋರಿಸಿದರು. ಹಗ್ಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಈಗ ಅದೇ ಕೆಲಸವನ್ನು ಇಂಜೆಕ್ಷನ್ ಮಾಡುತ್ತದೆ, ಇದಕ್ಕೇ ಹಾರ್ಮೋನು ಚಿಕಿತ್ಸೆ ಎನ್ನುತ್ತಾರೆ.

ಆಪರೇಷನ್‌ಗೆ ಮೊದಲೇ ಈ ಔಷಧ ಕೊಟ್ಟು ನೋಡುವ ಪ್ರಯೋಗದ ನಿಜವಾದ ಸೊಗಸು ಇರುವುದು ಪೆಥಾಲಜಿ ಲ್ಯಾಬಿನಲ್ಲಿ. ಬೇರೆ ಬಹಳಷ್ಟು ಔಷಧ ಪರೀಕ್ಷೆಗಳಲ್ಲಿ ರಕ್ತ, ಸ್ಕ್ಯಾನ್ ನೋಡಿ ಅಂದಾಜು ಮಾಡಬೇಕು. ಇಲ್ಲಿ ಔಷಧ ಉಂಡ ಗ್ರಂಥಿಯೇ ಇಡಿಯಾಗಿ ಕೈಗೆ ಬರುತ್ತದೆ. ಅದರ ಮೈಗೆಲ್ಲ ಶಾಯಿ ಬಳಿದು, ಫಾರ್ಮಲಿನ್‌ನಲ್ಲಿಟ್ಟು, ತೆಳ್ಳಗೆ ಹೋಳು ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಣ ಶಾಯಿಗೆ ತಾಗಿದ್ದರೆ ಅಂಚಿನಾಚೆಯೂ ಕಣಗಳು ಉಳಿದಿರಬಹುದು ಎಂದರ್ಥ. ಮೊದಲಿನ ಬಯಾಪ್ಸಿಯ ಚೂರನ್ನು ಪಕ್ಕದಲ್ಲಿಟ್ಟು ಔಷಧ ಏನು ಮಾಡಿತೆಂದು ಹೋಲಿಸಬಹುದು. ಆದರೆ ಹಾರ್ಮೋನು ಚಿಕಿತ್ಸೆಯಿಂದ ಕಣಗಳು ಎಷ್ಟು ಮುದುಡಿರುತ್ತವೆಂದರೆ, ಕ್ಯಾನ್ಸರಿನ ಉಗ್ರತೆ ಅಳೆಯುವ ಗ್ಲೀಸನ್ ಅಂಕ ಕೊಡುವುದೇ ಕಷ್ಟ.

ಆ ಸೊಗಸಿಗೆ ಮರುಳಾಗಬಾರದು. 1990ರ ದಶಕದಲ್ಲಿ ಆಪರೇಷನ್‌ಗೆ ಮೂರು ತಿಂಗಳು ಮೊದಲು ಹಾರ್ಮೋನು ಚಿಕಿತ್ಸೆ ಕೊಟ್ಟು ನೋಡಿದರು. ಅಂಚಿನಲ್ಲಿ ಕ್ಯಾನ್ಸರ್ ಕಾಣುವುದು ಕಡಿಮೆಯಾಯಿತು, ಎಲ್ಲರೂ ಹಿಗ್ಗಿದರು. ಕೆಲವು ವರ್ಷ ಕಳೆದ ಮೇಲೆ ನೋಡಿದರೆ ಕ್ಯಾನ್ಸರ್ ಮರುಕಳಿಸಿದ ಸುಳಿವು ಕೊಡುವ ಪಿಎಸ್‌ಎ ಎಂಬ ಪ್ರೋಟೀನ್ ರಕ್ತದಲ್ಲಿ ಮತ್ತೆ ಏರುವುದು ಮಾತ್ರ ಕಡಿಮೆಯಾಗಿರಲಿಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ 788 ಜನರದು. ಮೊದಲು ಹಾರ್ಮೋನು ಮತ್ತು ಡೋಸಿಟ್ಯಾಕ್ಸೆಲ್ ಕೀಮೋ ಪಡೆದವರನ್ನು ನೇರ ಆಪರೇಷನ್ ಆದವರ ಜತೆ ಹೋಲಿಸಿದರು. ಮುಖ್ಯ ಗುರಿಯಾಗಿದ್ದ, ಮೂರು ವರ್ಷದವರೆಗೆ ಪಿಎಸ್‌ಎ ಏರದವರ ಲೆಕ್ಕದಲ್ಲಿ ಅದೂ ಗೆಲ್ಲಲಿಲ್ಲ.

ಆದ್ದರಿಂದ ಎರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡ ಪ್ರೋಟಿಯಸ್ ಪ್ರಯೋಗದ ಅಳತೆ ನನಗೆ ಹಿಡಿಸುತ್ತದೆ. ಎಲ್ಲರಿಗೂ ಹಾರ್ಮೋನು ಚಿಕಿತ್ಸೆ, ಜತೆಗೆ ಒಂದು ಗುಂಪಿಗೆ ಟೆಸ್ಟೋಸ್ಟಿರಾನಿನ ಕೆಲಸ ತಡೆಯುವ ಅಪಲುಟಮೈಡ್ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ. ಆಪರೇಷನ್‌ಗೆ ಮೊದಲು ಆರು ತಿಂಗಳು, ಆಮೇಲೆ ಆರು ತಿಂಗಳು. ತೆಗೆದ ಗ್ರಂಥಿಯಲ್ಲಿ ಕ್ಯಾನ್ಸರ್ ಪೂರ್ತಿ ಮಾಯವಾಗಿದೆಯೇ ಎಂದಷ್ಟೇ ನೋಡಿ ಬಿಡುವುದಿಲ್ಲ. ಬೇರೆ ಕಡೆ ಹರಡದೆ ಎಷ್ಟು ಕಾಲ ಕಳೆದರು ಎಂಬುದೂ ಅಷ್ಟೇ ಮುಖ್ಯ.

ಇಂಥ ಪ್ರಯೋಗಕ್ಕೆ ಸೇರಲು ಒಪ್ಪಿ ಸಹಿ ಹಾಕುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕು. ಹುಸಿಮಾತ್ರೆ ಸಿಗಬಹುದು, ಮೈ ಧಗಧಗ ಎನ್ನುವುದು, ಕಾಮಾಸಕ್ತಿ ಕುಂದುವುದು, ಮೂಳೆ ಸವೆಯುವುದು ಬರಬಹುದು. ಒಪ್ಪಿಗೆ ಬರೀ ಕಾಗದದ್ದಾದ ಉದಾಹರಣೆ ನಮ್ಮಲ್ಲೇ ಇದೆ: ಅವಿಭಜಿತ ಆಂಧ್ರದ ಖಮ್ಮಂನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನಕ್ಕೆ ಅನೇಕ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆ ಕೊಟ್ಟಿದ್ದರು, 2010ರಲ್ಲಿ ಆ ಅಧ್ಯಯನವನ್ನು ನಿಲ್ಲಿಸಲಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ನಂದವರಂ ಕಡೆಯ ರೋಗಿಗೆ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಸಿಗಬೇಕು, ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ಕುರಿತ ಭಾರತದ 2019ರ ನಿಯಮಗಳ ಆಶಯವೂ ಅದೇ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ. ನಡುವೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಅದನ್ನೇ ನೆಪ ಮಾಡಿ ಮಾಮೂಲಿ ಆಪರೇಷನ್ ಮಾಡುವುದಿಲ್ಲ ಎನ್ನುವಂತಿಲ್ಲ.