ಪದ ಗೊತ್ತು, ಸ್ಪೆಲಿಂಗ್ ಬಾರದು

ಕಲಿಕಾ ನ್ಯೂನತೆಯಿರುವ ಮಕ್ಕಳಿಗೂ ಉಳಿದವರಿಗೂ ಇಂಗ್ಲಿಷ್ ಪದ ಕಲಿಸಲು ನಮ್ಮ ಅನೇಕ ಶಾಲೆಗಳಲ್ಲಿರುವುದು ಒಂದೇ ದಾರಿ. ಬೋರ್ಡಿನ ಮೇಲೆ ಹತ್ತು ಪದ, ನೋಟ್‌ಬುಕ್ಕಿನಲ್ಲಿ ಐದೈದು ಸಲ ಬರಹ, ಮರುದಿನ ಡಿಕ್ಟೇಶನ್. ಇದರಿಂದ ಸ್ಪೆಲಿಂಗ್ ಗೊತ್ತಿದೆಯೇ ಎಂದು ತಿಳಿಯುತ್ತದೆ, ಪದ ಗೊತ್ತಿದೆಯೇ ಎಂದು ತಿಳಿಯುವುದಿಲ್ಲ. ಇಂಥ ನ್ಯೂನತೆಗಳಲ್ಲೊಂದಾದ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಸಾಮಾನ್ಯವಾಗಿ ತೊಡಕಾಗುವುದು ದನಿಯನ್ನು ಅಕ್ಷರಕ್ಕೆ ಜೋಡಿಸುವಲ್ಲಿ. ಕಿವಿಗೆ ಬಿದ್ದ ಪದದ ಅರ್ಥ ಹಿಡಿಯುವ ಶಕ್ತಿ ಚೆನ್ನಾಗಿಯೇ ಇರಬಹುದು. ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಕಟ್ಟಿಹಾಕಿದರೆ, ಬಲ್ಲದ್ದೂ ಬಾರದ್ದರ ಲೆಕ್ಕಕ್ಕೆ ಹೋಗುತ್ತದೆ.

ಇಂಗ್ಲಿಷ್ ಬರಹವಂತೂ ಈ ತೊಡಕನ್ನು ಇನ್ನಷ್ಟು ಬಿಗಿಮಾಡುತ್ತದೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳಿಗೆ ‘ಟಫ್’ನಲ್ಲಿ ಒಂದು ದನಿ, ‘ಥ್ರೂ’ನಲ್ಲಿ ಇನ್ನೊಂದು, ‘ದೋ’ನಲ್ಲಿ ಮತ್ತೊಂದು. ಯುರೋಪಿನ ಭಾಷೆಗಳನ್ನು ಹೋಲಿಸಿ ಸೇಮೂರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನ ಬುನಾದಿ ಬೀಳಲು ಇಂಗ್ಲಿಷ್‌ನಲ್ಲಿ ಉಳಿದ ಬಹುತೇಕ ಭಾಷೆಗಳ ಎರಡು ಪಟ್ಟಿಗೂ ಹೆಚ್ಚು ಕಾಲ ಬೇಕಾಯಿತು. ಅದಕ್ಕಿಂತ ಕುತೂಹಲದ್ದು ವೈಡೆಲ್ ಮತ್ತು ಬಟರ್‌ವರ್ತ್ 1999ರಲ್ಲಿ ವಿವರಿಸಿದ, ಜಪಾನಿನಲ್ಲಿ ಬೆಳೆದ 16 ವರ್ಷದ ಹುಡುಗನ ಪ್ರಕರಣ. ಅವನ ಮನೆಮಾತು ಇಂಗ್ಲಿಷ್. ಆದರೂ ಜಪಾನಿ ಓದಿನಲ್ಲಿ ಓರಗೆಯವರಿಗೆ ಸರಿಸಮನಾಗಿದ್ದವನು ಇಂಗ್ಲಿಷ್ ಓದಿನಲ್ಲಿ ಬಹಳ ಹಿಂದಿದ್ದ. ಅಂದರೆ ತೊಡಕು ಎಷ್ಟು ಕಾಡುತ್ತದೆ ಎಂಬುದು ಬರಹದ ಬಗೆಯ ಮೇಲೂ ನಿಂತಿರಬಹುದು. ಹಾಗೆಂದು ಕನ್ನಡ ಲಿಪಿಯಲ್ಲಿ ತೊಂದರೆಯೇ ಇಲ್ಲವೆಂದಲ್ಲ. ದನಿಗೂ ಬರಹಕ್ಕೂ ನಂಟು ನೇರವಾಗಿದ್ದರೂ, ಕಾಗುಣಿತ ಒತ್ತಕ್ಷರಗಳ ಬಳಗ ದೊಡ್ಡದು, ಕೈಹಿಡಿಯಲು ವರ್ಷಗಳೇ ಬೇಕು.

ಹಾಗಾದರೆ ಮೊದಲು ಬೇಕಾದದ್ದು ಪದದ ದನಿ ಮತ್ತು ಅರ್ಥ, ಅದೂ ಮಗುವಿನ ಮಾತಿನ ಆಸರೆಯಲ್ಲಿ. 1975ರಲ್ಲಿ ಅಟ್ಕಿನ್ಸನ್ ಮತ್ತು ರಾಗ್ ಎಂಬ ಮನೋವಿಜ್ಞಾನಿಗಳು ರಷ್ಯನ್ ಪದ ಕಲಿಸಲು ಒಂದು ಉಪಾಯ ಪರೀಕ್ಷಿಸಿದರು: ಹೊಸ ಪದದಂತೆ ಕೇಳಿಸುವ ಗೊತ್ತಿರುವ ಪದವೊಂದನ್ನು ಹುಡುಕಿ, ಎರಡನ್ನೂ ಒಂದು ಚಿತ್ರದಲ್ಲಿ ಹೆಣೆಯುವುದು. ಕಲಿಕಾ ನ್ಯೂನತೆಯ ವಿದ್ಯಾರ್ಥಿಗಳಿಗೂ ಇದು ಫಲ ಕೊಡುತ್ತದೆಂದು ಮುಂದೆ ಮಾಸ್ಟ್ರೊಪಿಯೆರಿ ಮತ್ತು ಸ್ಕ್ರಗ್ಸ್ ತೋರಿಸಿದರು. ಕನ್ನಡದ ಮಗುವಿಗೆ ‘ಕ್ಯಾಟಲ್’ ಹೇಳಿಕೊಡುವಾಗ, ಕತ್ತಲಲ್ಲಿ ಕೊಟ್ಟಿಗೆಗೆ ಮರಳುವ ದನಗಳ ಚಿತ್ರ ಸಾಕು. ಇದು ಬರೀ ಗಿಮಿಕ್ ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ. ‘ಜಸ್ಟಿಸ್’ನಂಥ ಪದಕ್ಕೆ ಚಿತ್ರ ಸುಲಭವಾಗಿ ಒದಗದು, ಪದವನ್ನು ವಾಕ್ಯದಲ್ಲಿ ಬಳಸುವುದೂ ಇದರಿಂದ ಬರುವುದಿಲ್ಲ. ಅದಕ್ಕೆ ದಿನಗಳ ಅಂತರ ಬಿಟ್ಟು ಅದೇ ಪದವನ್ನು ಬೇರೆ ಬೇರೆ ಮಾತಿನಲ್ಲಿ ಮತ್ತೆ ಕೇಳಬೇಕು, ನೆನಪಿನಿಂದ ಹೊರತೆಗೆಸಬೇಕು. ಐದು ಸಲ ನಕಲು ಮಾಡುವ ಕೈಗೆ ಆ ಕೆಲಸವಿಲ್ಲ. ಕನ್ನಡದ ಮೂಲಕ ಹೋದರೆ ಇಂಗ್ಲಿಷ್ ತಡವಾಗುತ್ತದೆ ಎಂಬ ಪೋಷಕರ ಆತಂಕಕ್ಕೂ ಇಲ್ಲೇ ಉತ್ತರವಿದೆ: ಅರ್ಥವಾಗದೆ ಬರೆದ ಪದ ಮರುವಾರಕ್ಕೆ ಉಳಿಯುವುದು ಕಡಿಮೆ.

ಪರೀಕ್ಷೆಯಲ್ಲಿ ಸ್ಪೆಲಿಂಗಿಗೆ ಅಂಕವಿದೆಯಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ತಾನು ಪಟ್ಟಿಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಇಂಥ ಅನುಕೂಲಗಳಿಗೆ ಅದರ ಬಲವಿದೆ. ಆದರೂ ಸ್ಪೆಲಿಂಗನ್ನು ಕೈಬಿಡಬೇಕಿಲ್ಲ. ಅದಕ್ಕೆ ಬೇರೆಯೇ ಪಾಠ ಬೇಕು, ಅಂಕವೂ ಬೇರೆ ಇರಲಿ. ‘ಸೈನ್’ನಲ್ಲಿ ಸದ್ದಿಲ್ಲದ ಜಿ, ‘ಸಿಗ್ನಲ್’ನಲ್ಲಿ ಬಾಯಿಬಿಡುತ್ತದೆ, ಈ ಎರಡೂ ಪದಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಮಗುವಿಗೆ ಆ ಅಕ್ಷರ ಅಲ್ಲೇಕಿದೆ ಎಂಬುದಕ್ಕೊಂದು ಕಾರಣವಾದರೂ ಸಿಗುತ್ತದೆ.